ಪಳಗಿಸಿ ಕೊಟ್ಟ ಎಂಜಿನ್

ಚಾಂದ್ ಪಾಷಾನಿಗೆ ಈಗಲೂ ಆ ಹಳದಿ ಬಣ್ಣ ಕಂಡರೆ ಹೊಟ್ಟೆ ತೊಳಸುತ್ತದೆ. ನಿಂಬೆಹಣ್ಣಿನ ಹಳದಿಯಲ್ಲ, ಅರಿಶಿನದ್ದೂ ಅಲ್ಲ. ಪೇಟೆಯ ಮಿಠಾಯಿಗೆ ಸುರಿಯುತ್ತಾರಲ್ಲ, ಅಂಥ ಹಳದಿ. ಅಡಿಕೆ ವ್ಯಾಪಾರದ ಜಯದೇವಪ್ಪನವರ ಮಗ ರಾಜಶೇಖರ ಆ ಬಣ್ಣದ ಸ್ಪೋರ್ಟ್ಸ್ ಕಾರನ್ನು ನರಸಿಂಹರಾಜಪುರಕ್ಕೆ ತಂದ ದಿನ ಬಸ್ ಸ್ಟ್ಯಾಂಡಿನಲ್ಲಿದ್ದವರು ಎದುರಿಗೆ ಬಂದ ಬಸ್ಸನ್ನೂ ಹತ್ತದೆ ಅದನ್ನೇ ನೋಡುತ್ತ ನಿಂತುಬಿಟ್ಟರಂತೆ. ಚಾಂದ್ ಪಾಷಾ ನೋಡಲಿಲ್ಲ. ಮುತ್ತಿನಕೊಪ್ಪದ ಕಡೆ ಹೋಗುವ ರಸ್ತೆಯ ಪಕ್ಕ, ತನ್ನ ಗ್ಯಾರೇಜಿನಲ್ಲಿ, ಒಂದು ಪಿಕಪ್ಪಿನ ಅಡಿಗೆ ಮಲಗಿದ್ದ. ಸದ್ದು ಮಾತ್ರ ಕಿವಿಗೆ ಬಿತ್ತು. ಸ್ಪ್ಯಾನರ್ ಹಿಡಿದಿದ್ದ ಕೈ ತಾನಾಗಿಯೇ ನಿಂತಿತು. ಮೂವತ್ತೆರಡು ವರ್ಷ ಜೀಪು, ಲಾರಿ, ಟಿಲ್ಲರುಗಳ ಸದ್ದು ಕೇಳಿಕೊಂಡು ಬಂದ ಕಿವಿ ಅದು. ಇಂಥದ್ದನ್ನು ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಾರು ಗ್ಯಾರೇಜಿನ ಮುಂದೆಯೇ ಬಂದು ನಿಂತಿತು. ಬಾಗಿಲು ತೆಗೆದದ್ದೇ ತಡ, ಸೆಂಟಿನ ಸಿಹಿ ವಾಸನೆ ಬುರ್ರನೆ ಹೊರಗೆ ನುಗ್ಗಿತು. ರಾಜಶೇಖರ ಇಳಿದವನೇ ಬಾಯಲ್ಲಿದ್ದ ಗುಟ್ಕಾವನ್ನು ಗೋಡೆಯ ಬುಡಕ್ಕೆ ಪಿಚಕ್ಕನೆ ಉಗಿದು, ತುಟಿ ಒರೆಸಿಕೊಂಡು ನಕ್ಕ.

"ಚಾಂದಣ್ಣ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಲ್ಲ. ಮೊದಲ ಸಾವಿರದೈನೂರು ಕಿಲೋಮೀಟರ್ ಎತ್ತಿನಗಾಡಿ ಹೊಡ್ದಂಗೆ ಹೊಡೀಬೇಕಂತೆ ಇದನ್ನ. ಪುಸ್ತಕದಲ್ಲಿ ಬರ್ದಿದ್ದಾರೆ. ನನ್ ಕೈಲಿ ಆಗದಲ್ಲ ಮಾರಾಯ್ರೇ. ನೀವೇ ಓಡಿಸಿ ಹದ ಮಾಡಿ ಕೊಡಿ."

"ನಾನಾ? ನಾನು ಜೀಪು ಓಡಿಸೋನು ರಾಜಣ್ಣ."

"ಅದಕ್ಕೇ ನೀವೇ ಸರಿ. ಅಪ್ಪಾಜೀನೂ ಅದೇ ಹೇಳಿದ್ರು."

ಜಯದೇವಪ್ಪನವರ ಹೆಸರು ಬಂದ ಮೇಲೆ ಇಲ್ಲ ಎನ್ನುವುದು ಕಷ್ಟವಿತ್ತು. ಆ ಮನೆಯ ಜೀಪನ್ನು ಚಾಂದ್ ಪಾಷಾ ನೋಡಿಕೊಳ್ಳಲು ಹಿಡಿದು ಮೂವತ್ತು ವರ್ಷ. ಈ ರಾಜಶೇಖರ ಹುಟ್ಟುವಾಗ ಅವನ ತಾಯಿಯನ್ನು ಸುರಿವ ಮಳೆಯಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ ಜೀಪು, ಓಡಿಸಿದ್ದೂ ಇವನೇ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಆದರೆ ಒಪ್ಪಿಕೊಂಡದ್ದು ಅದಕ್ಕಲ್ಲ ಎಂಬುದು ಅವನಿಗೂ ಗೊತ್ತಿತ್ತು. ಒಂದೇ ಒಂದು ಸಲ ಆ ಎಂಜಿನ್ನಿನ ಮುಂದೆ ಕೂರಬೇಕೆಂಬ ಆಸೆ ಐವತ್ತಾರನೆಯ ವಯಸ್ಸಿನಲ್ಲಿ ಅವನನ್ನು ಹಿಡಿದುಕೊಂಡಿತ್ತು.

ಅವತ್ತು ಸಂಜೆ ಕಾರಿನ ಪುಸ್ತಕವನ್ನು ಹೆಂಡತಿ ಶಾಕಿರಾಳ ಕೈಗೆ ಕೊಟ್ಟ. ಅವಳು ಪಿಯುಸಿ ಓದಿದವಳು. ಕನ್ನಡಕ ಹಾಕಿಕೊಂಡು ಇಂಗ್ಲಿಷನ್ನು ಒಂದೊಂದೇ ಸಾಲು ಓದಿ ಬಿಡಿಸಿ ಹೇಳಿದಳು. ಚಾಂದ್ ಪಾಷಾ ತಲೆ ಆಡಿಸುತ್ತ ಹೋದ. ಅದರಲ್ಲಿ ಅವನಿಗೆ ಗೊತ್ತಿಲ್ಲದ್ದು ಹೆಚ್ಚೇನೂ ಇರಲಿಲ್ಲ. ಅವನು ಕೆಲಸ ಕಲಿತ ಕಾಲದಲ್ಲಿ ಹೊಸ ಲಾರಿ ಬಂದರೆ ಹಿಂದುಗಡೆ 'ರನ್ನಿಂಗ್ ಇನ್' ಎಂದು ಸುಣ್ಣದಲ್ಲಿ ಬರೆದು, ಭಾರ ಹೇರದೆ, ತಿಂಗಳುಗಟ್ಟಲೆ ನಿಧಾನ ಓಡಿಸುತ್ತಿದ್ದರು. ಹೊಸ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಕೊಳ್ಳಬೇಕು. ಅವಸರ ಮಾಡಿದರೆ ಗೀರು ಬೀಳುತ್ತದೆ. ತೀರಾ ಮೆತ್ತಗೆ, ಒಂದೇ ವೇಗದಲ್ಲಿ ಎಳೆದರೂ ಹೊಂದಿಕೊಳ್ಳುವುದಿಲ್ಲ. ಏರಿಸಬೇಕು, ಇಳಿಸಬೇಕು, ಮಿತಿಯಲ್ಲಿ.

"ಥೇಟ್ ಹೊಸ ಸೊಸೆ ವಿಷಯ ಬರ್ದಂಗಿದೆ," ಎಂದಳು ಶಾಕಿರಾ, ಪುಸ್ತಕ ಮುಚ್ಚುತ್ತ. ಇಬ್ಬರೂ ನಕ್ಕರು.

ಡಿಸೆಂಬರ್ ತಿಂಗಳು. ಬೆಳಿಗ್ಗೆ ಉಸಿರು ಬಿಟ್ಟರೆ ಹೊಗೆ ಕಾಣುವ ಚಳಿ. ಚಾಂದ್ ಪಾಷಾ ಬೆಳಗಿನ ನಮಾಜು ಮುಗಿಸಿ, ಸೀಟಿನ ಮೇಲೆ ಒಗೆದ ಚಾದರ ಹಾಸಿ ಕೂರುತ್ತಿದ್ದ. ಗುಂಡಿ ಒತ್ತಿದರೆ ಎಂಜಿನ್ ಒಮ್ಮೆ ಗುಡುಗಿ, ಜೋರಾಗಿ ಓಡತೊಡಗಿ, ಒಂದು ನಿಮಿಷದಲ್ಲಿ ತಾನಾಗಿ ತಗ್ಗುತ್ತಿತ್ತು. ಆಗ ಮಾತ್ರ ಗೇರ್ ಹಾಕುತ್ತಿದ್ದ. ನಿಂತಲ್ಲೇ ಹದಿನೈದು ನಿಮಿಷ ಎಂಜಿನ್ ಓಡಿಸುವವರು ದಡ್ಡರು ಎನ್ನುತ್ತಿದ್ದ ಅವನು. ಬಿಸಿಯಾಗಬೇಕಾದ್ದು ನಿಧಾನ ಓಡುತ್ತಲೇ. ನೀರಿನ ಬಿಸಿ ತೋರಿಸುವ ಮುಳ್ಳು ಬೇಗ ಮೇಲೇರುತ್ತದೆ, ಅದನ್ನು ನಂಬಬಾರದು. ಆಯಿಲ್ಲಿನ ಮುಳ್ಳು ಬಾಳೆಹೊನ್ನೂರು ಹತ್ತಿರ ಬರುವ ಹೊತ್ತಿಗೆ ಎಂಬತ್ತು ಡಿಗ್ರಿ ದಾಟುತ್ತಿತ್ತು. ಅಲ್ಲಿಯವರೆಗೆ ಅವನ ಬಲಗಾಲು ಪೆಡಲಿನ ಮೇಲೆ ಇದೆಯೋ ಇಲ್ಲವೋ ಎಂಬಂತೆ ಇರುತ್ತಿತ್ತು.

ಬಾಳೆಹೊನ್ನೂರು, ಕೊಪ್ಪ, ಹರಿಹರಪುರ, ಶೃಂಗೇರಿ, ಅಲ್ಲಿಂದ ನೆಮ್ಮಾರ್. ತಿರುಗಿ ಅದೇ ದಾರಿ. ಹತ್ತು ದಿನ. ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿರಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದಿನಿಂದ ಆಟೋದವರು ಹಾರ್ನ್ ಹೊಡೆಯುವರು. ನೆಮ್ಮಾರಿನ ಚಹದಂಗಡಿಯ ಶಂಕರಮ್ಮ ಮೂರನೆಯ ದಿನ ಕೇಳಿಯೇಬಿಟ್ಟಳು: "ಅಲ್ಲ ಸಾಬ್ರೇ, ಇಷ್ಟು ಚಂದದ ಕಾರು ಇಟ್ಕೊಂಡು ಹಾಲಿನ ವ್ಯಾನಿಗಿಂತ ಹಿಂದೆ ಬರ್ತೀರಲ್ಲ, ಎಂತ ಕಾಯಿಲೆ ಅದಕ್ಕೆ?"

"ಕಾಯಿಲೆ ಬರಬಾರ್ದು ಅಂತಾನೇ ಅಮ್ಮ," ಎಂದ ಚಾಂದ್ ಪಾಷಾ.

ಐದನೆಯ ದಿನ ಸದ್ದಿನಲ್ಲಿ ಬದಲಾವಣೆ ಗೊತ್ತಾಯಿತು. ಮೊದಲಿದ್ದ ಬಿಗಿ ಬಿಟ್ಟಿತ್ತು. ಏರಿನಲ್ಲಿ ಕೇಳದೆಯೇ ಮುಂದಕ್ಕೆ ಜರುಗುತ್ತಿತ್ತು. ಎಂಟನೆಯ ದಿನಕ್ಕೆ, ಕೊಪ್ಪದಿಂದ ಪಕ್ಕದ ನಾರ್ವೆ ಊರಿನ ಕಡೆಗೂ ಒಂದು ಸುತ್ತು ಹಾಕಿ ಬರುವಾಗ, ಅವನಿಗೆ ತಾನು ಕಾರಿನಲ್ಲಿದ್ದೇನೆ ಎನ್ನುವುದೇ ಮರೆತುಹೋಗಿತ್ತು. ಮನೆಗೆ ಬಂದು ಶಾಕಿರಾಳಿಗೆ ಅದನ್ನು ಹೇಳಲು ಹೋಗಿ, ಅನ್ನ ಕಲಸುವ ಕೈಯಲ್ಲೇ ರಸ್ತೆಯ ಏರು, ತಿರುವು ತೋರಿಸಿದ.

ಅಷ್ಟೂ ದಿನ ರಾಜಶೇಖರನ ಫೋನು ಬರುತ್ತಿತ್ತು. ಎಂಜಿನ್ ಹೇಗಿದೆ ಎಂದು ಅವನು ಒಂದು ಸಲವೂ ಕೇಳಲಿಲ್ಲ. "ಸದ್ದು ಬಂತಾ? ಗನ್ ಹೊಡ್ದಂಗೆ ಬರ್ಬೇಕು," ಎನ್ನುವನು. ಹಿಂದೆ ಅವನ ಗೆಳೆಯರ ಕೇಕೆ ಕೇಳುವುದು. ಚಾಂದ್ ಪಾಷಾ ಫೋನಿಟ್ಟ ಮೇಲೆ ಅದನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ, ಆ ನಗು ಅಂಟಿಕೊಂಡಿದೆಯೇನೋ ಎಂಬಂತೆ.

ಹತ್ತನೆಯ ದಿನ, ಶುಕ್ರವಾರ, ಸಾವಿರದೈನೂರು ದಾಟಿತು. ಕಾರನ್ನು ತೊಳೆದು, ಜಯದೇವಪ್ಪನವರ ಅಂಗಳದಲ್ಲಿ ನಿಲ್ಲಿಸಿ ಬಂದ. ಶನಿವಾರ ರಾಜಶೇಖರ ಊರಾಚೆಯಿಂದ ಯಾರನ್ನೋ ಕರೆಸಿ, ಕಂಪನಿಯ ಸೈಲೆನ್ಸರ್ ಬಿಚ್ಚಿಸಿ, ಬೆಂಕಿ ಉಗುಳುವ ಇನ್ನೊಂದನ್ನು ಹಾಕಿಸಿದ. ಭಾನುವಾರ ಬೆಳಿಗ್ಗೆ ಫೋನು ಮಾಡಿ, "ಬನ್ನಿ ಚಾಂದಣ್ಣ, ನಿಮ್ ಕೆಲಸ ಹೆಂಗಾಗಿದೆ ನೋಡೋರಂತೆ," ಎಂದ.

ಏಳು ಗಂಟೆ. ಅಂಗಳದಲ್ಲಿ ಹತ್ತು ಹನ್ನೆರಡು ಜನ, ಎಲ್ಲರ ಕೈಯಲ್ಲೂ ಫೋನು. ಕಾರಿನ ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಎಂಜಿನ್ ರಾತ್ರಿಯೆಲ್ಲ ಚಳಿಯಲ್ಲಿ ನಿಂತು ಕಲ್ಲಾಗಿತ್ತು. ಜಗಲಿಯ ಮೇಲೆ ರಾಜಶೇಖರನ ಅಜ್ಜಿ ಬಸವಮ್ಮ, ಎಂಬತ್ತೈದು ದಾಟಿದವರು, ಶಾಲು ಹೊದ್ದು ಕೂತಿದ್ದರು. ಜಯದೇವಪ್ಪನವರು ಬಾಗಿಲಲ್ಲಿ ನಿಂತಿದ್ದರು.

ರಾಜಶೇಖರ ಒಳಗೆ ಕೂತು ಗುಂಡಿ ಒತ್ತಿದ. ಎಂಜಿನ್ ಉಸಿರು ಎಳೆದುಕೊಂಡಿತೋ ಇಲ್ಲವೋ, ಪೆಡಲನ್ನು ನೆಲಕ್ಕೆ ತುಳಿದ.

ಮೂವತ್ತೆರಡು ವರ್ಷದಲ್ಲಿ ಚಾಂದ್ ಪಾಷಾ ಒಂದು ಯಂತ್ರ ಹಾಗೆ ಕಿರುಚಿದ್ದನ್ನು ಕೇಳಿರಲಿಲ್ಲ. ಆಯಿಲ್ ಇನ್ನೂ ಎಂಜಿನ್ನಿನ ತಳದ ತಟ್ಟೆಯಲ್ಲಿ ಜೇನಿನ ಹಾಗೆ ದಪ್ಪಗೆ ಕೂತಿದೆ. ಮೇಲೆ ಲೋಹಕ್ಕೆ ಲೋಹ ತಿಕ್ಕುತ್ತಿದೆ. ಅವನ ಹಲ್ಲುಗಳ ಬುಡ ಜುಮ್ಮೆಂದಿತು. ಓಡಿ ಹೋಗಿ ಗಾಜು ತಟ್ಟಿದ. "ರಾಜಣ್ಣ, ತಡೀರಿ! ಐದು ನಿಮಿಷ ಓಡ್ಸಿ ಬಿಸಿ ಮಾಡ್ಕೊಂಡು ಬನ್ನಿ, ಆಮೇಲೆ ಎಂತ ಬೇಕಾದ್ರೂ ಮಾಡಿ!"

ರಾಜಶೇಖರ ಒಳಗಿನಿಂದ ಹೆಬ್ಬೆರಳು ಎತ್ತಿ ತೋರಿಸಿ ಮತ್ತೆ ತುಳಿದ. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಕೆಂಪು ಗೆರೆಗೆ ಬಡಿದು, ಬಿದ್ದು, ಬಡಿಯಿತು. ಹಿಂದುಗಡೆ ಪಟಪಟನೆ ಗುಂಡು ಹೊಡೆದ ಸದ್ದು, ನೀಲಿ ಬೆಂಕಿ, ಸುಟ್ಟ ಪೆಟ್ರೋಲಿನ ಕಮಟು. ಕೊಟ್ಟಿಗೆಯಲ್ಲಿ ದನ ಹಗ್ಗ ಜಗ್ಗಿ ಬೊಬ್ಬಿಟ್ಟಿತು. ಗೆಳೆಯನೊಬ್ಬ ಚಾಂದ್ ಪಾಷಾನ ಹೆಗಲ ಮೇಲಿದ್ದ ಟವೆಲ್ಲನ್ನು ಸೆಳೆದುಕೊಂಡು ಸೈಲೆನ್ಸರಿನ ಬಾಯಿಗೆ ಹಿಡಿದ. ಅದು ಭಗ್ಗೆಂದಿತು. ಎಲ್ಲರೂ ಕುಣಿದರು. ಇನ್ನೊಬ್ಬ ಫೋನನ್ನು ಇವನ ಮುಖಕ್ಕೇ ತಂದು, "ಹೇಳಿ ಅಂಕಲ್, ಹೆಂಗಿದೆ ನಿಮ್ ರನ್ನಿಂಗು?" ಎಂದ. ಅವನ ಬಾಯಿಂದ ಬೆಳಿಗ್ಗೆ ಬೆಳಿಗ್ಗೆಯೇ ಬಿಯರಿನ ಹುಳಿ ವಾಸನೆ ಬಂತು.

ಬಸವಮ್ಮ ಎರಡೂ ಕಿವಿ ಮುಚ್ಚಿಕೊಂಡು, ಕಣ್ಣು ಬಿಗಿದು, ಏನೋ ಹೇಳುತ್ತಿದ್ದರು. ಯಾರಿಗೂ ಕೇಳಲಿಲ್ಲ; ಯಾರೂ ಆ ಕಡೆ ನೋಡಲಿಲ್ಲ. ಚಾಂದ್ ಪಾಷಾ ಜಯದೇವಪ್ಪನವರ ಕಡೆ ನೋಡಿದ. ಇವರಾದರೂ ಒಂದು ಮಾತು ಹೇಳುತ್ತಾರೆ ಎಂದುಕೊಂಡ. ಅವರೂ ಫೋನು ಹಿಡಿದು, ಬಾಯಿ ತೆರೆದು ನಗುತ್ತ, ವಿಡಿಯೋ ಮಾಡುತ್ತಿದ್ದರು.

ನಾಲ್ಕು ನಿಮಿಷ ನಡೆಯಿತು ಅದು. ಚಾಂದ್ ಪಾಷಾ ಯಾರಿಗೂ ಹೇಳದೆ ಗೇಟು ದಾಟಿ, ಮೋರಿಯ ಹತ್ತಿರ ಕೂತು, ಕುಡಿದಿದ್ದ ಚಹವನ್ನೆಲ್ಲ ಕಾರಿಕೊಂಡ.

ಮನೆಯಲ್ಲಿ ಶಾಕಿರಾ ಕೇಳಿದಾಗ, "ಎಂಥದೂ ಇಲ್ಲ, ಪಿತ್ತ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಹಸುಗೂಸಿಗೆ ಸಾರಾಯಿ ಕುಡಿಸಿ ಕುಣಿಸ್ದಂಗಿತ್ತು," ಎಂದ.

ಅದಾಗಿ ಮೂರು ವಾರಕ್ಕೆ ಕಾರು ನೆಮ್ಮಾರಿನ ಏರಿನಲ್ಲಿ ನಿಂತಿತು. ಎಂಜಿನ್ನಿನ ಒಳಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ ಕಟಕಟ ಎಂದು, ಒಮ್ಮೆಲೇ ತಿರುಗದೆ ಹಿಡಿದುಕೊಂಡಿತಂತೆ. ದೊಡ್ಡ ಟ್ರಕ್ಕಿನ ಮೇಲೆ ಹೇರಿ, ಟಾರ್ಪಾಲು ಹೊದಿಸಿ ಸಾಗಿಸಿದರು. ಸುದ್ದಿ ಕೇಳಿದಾಗ ಚಾಂದ್ ಪಾಷಾನಿಗೆ ಆಶ್ಚರ್ಯವಾಗಲಿಲ್ಲ. ಅವತ್ತು ಆಯಿಲ್ ಸಿಗದೆ ಸವೆದ ಬೇರಿಂಗ್ ಕಚ್ಚಿರುತ್ತದೆ ಎಂದುಕೊಂಡ.

ಆದರೆ ನಾಲ್ಕು ದಿನ ಕಳೆದು ಶಾಕಿರಾ ಪೇಟೆಯಿಂದ ಬಂದವಳು ತರಕಾರಿ ಚೀಲವನ್ನು ಕೆಳಗಿಡದೆ ಹಾಗೆಯೇ ನಿಂತಳು.

"ರೀ, ದಿನಸಿ ಅಂಗಡೀಲಿ ಮಾತಾಡ್ತಿದ್ರು. ಸಾಬಿ ಕೈಗೆ ಕೊಟ್ಟು ಕೆಟ್ಟೋಯ್ತು ಅಂತ. ಜೀಪು ಎಳೆಯೋನಿಗೆ ಅಂಥ ಕಾರು ಕೊಡಬಾರ್ದಿತ್ತು ಅಂತ ರಾಜಶೇಖರಾನೇ ಎಲ್ರ ಹತ್ರ ಹೇಳ್ಕೊಂಡು ತಿರುಗ್ತಿದ್ದಾನಂತೆ. ನಾನು ಅಲ್ಲೇ ನಿಂತಿದ್ದೆ. ನನ್ನ ನೋಡಿ ಮಾತು ನಿಲ್ಸಿದ್ರು."

ಚಾಂದ್ ಪಾಷಾ ಅವಳ ಕೈಯಿಂದ ಚೀಲ ತೆಗೆದುಕೊಂಡು ಒಳಗಿಟ್ಟ. ಆ ವಾರ ಗ್ಯಾರೇಜಿಗೆ ಬರಬೇಕಾಗಿದ್ದ ಎರಡು ಗಾಡಿಗಳು ಬರಲಿಲ್ಲ.

ಮುಂದಿನ ಸೋಮವಾರ ಜಯದೇವಪ್ಪನವರೇ ಬಂದರು. ಜೀಪನ್ನು ರಸ್ತೆಯಲ್ಲೇ ನಿಲ್ಲಿಸಿ, ಸ್ಟೂಲಿನ ಮೇಲಿನ ಧೂಳನ್ನು ಕರ್ಚೀಫಿನಿಂದ ಜಾಡಿಸಿ ಕೂತರು. ಮಳೆ, ಚಳಿ, ಮೊಣಕಾಲು ನೋವು ಎಂದು ಅದೂ ಇದೂ ಮಾತಾಡಿದ ಮೇಲೆ ಜೇಬಿನಿಂದ ಒಂದು ಕಾಗದ ತೆಗೆದರು. ಟೈಪ್ ಮಾಡಿದ್ದು, ಕನ್ನಡದಲ್ಲಿ.

"ನೋಡು ಚಾಂದ್, ಕಂಪನಿಯೋರು ತಕರಾರು ಮಾಡ್ತಿದ್ದಾರೆ. ವಾರಂಟಿ ಕೊಡಲ್ಲ ಅಂತಾರೆ. ಎಂಜಿನ್ನು ತಣ್ಣಗಿದ್ದಾಗ ರೇಸ್ ಮಾಡಿದ್ದು ಅದ್ರ ಕಂಪ್ಯೂಟರಲ್ಲಿ ಇದೆಯಂತೆ. ಅದೇ ಸುಳ್ಳಿರ್ಬೇಕು. ನೀನು ಅನುಭವಸ್ಥ. ಒಂದು ಸೈನ್ ಹಾಕು ಮಾರಾಯ."

ಚಾಂದ್ ಪಾಷಾ ಕೈ ಒರೆಸಿಕೊಂಡು ಓದಿದ. 'ಸದರಿ ಕಾರನ್ನು ಮೊದಲ ದಿನದಿಂದ ಎಂಜಿನ್ ಕೆಡುವ ದಿನದವರೆಗೂ ನನ್ನ ಉಸ್ತುವಾರಿಯಲ್ಲೇ ಓಡಿಸಲಾಗಿದ್ದು, ಪ್ರತಿ ಬಾರಿ ಎಂಜಿನ್ನನ್ನು ಕ್ರಮವಾಗಿ ಬಿಸಿ ಮಾಡಿಯೇ ಬಳಸಲಾಗಿದೆ. ಮಿತಿ ಮೀರಿ ರೇಸ್ ಮಾಡಿರುವುದಿಲ್ಲ.' ಕೆಳಗೆ ಅವನ ಹೆಸರು, ಮೂವತ್ತೆರಡು ವರ್ಷದ ಅನುಭವಿ ಮೆಕ್ಯಾನಿಕ್ ಎಂದು.

ತನ್ನ ಹತ್ತು ಬೆಳಗುಗಳನ್ನು ಯಾರೋ ಕದ್ದು, ಹೊಲಸಿನ ಮೇಲೆ ಹೊದಿಸಲು ಬಟ್ಟೆ ಮಾಡಿಕೊಂಡ ಹಾಗೆ ಅನಿಸಿತು ಅವನಿಗೆ.

"ಯಜಮಾನ್ರೇ, ಪೇಟೇಲಿ ನಾನು ಕೆಡ್ಸಿದೆ ಅಂತಿದೆ. ಕಾಗದದಲ್ಲಿ ನಾನು ಚೆನ್ನಾಗಿ ನೋಡ್ಕೊಂಡೆ ಅಂತಿದೆ. ಎರಡರಲ್ಲಿ ನಾನು ಯಾವುದು?"

ಜಯದೇವಪ್ಪನವರು ಮುಜುಗರಪಡಲಿಲ್ಲ. "ಅಯ್ಯೋ, ಹುಡುಗ್ರು ಬಾಯಿಗೆ ಬಂದಿದ್ದು ಮಾತಾಡ್ತಾರೆ. ಅದು ಊರ ಮಾತು. ಇದು ಕಾಗದದ ಮಾತು. ಎರಡಕ್ಕೂ ಎಂತ ಸಂಬಂಧ?"

"ಅವತ್ತು ನೀವೂ ಅಲ್ಲೇ ಇದ್ರಿ. ವಿಡಿಯೋ ಮಾಡಿದ್ರಿ."

"ಅದನ್ನ ಅಳಿಸಿ ಆಯ್ತು," ಎಂದರು ಅವರು, ಚಹ ಕುಡಿದಾಯ್ತು ಎನ್ನುವ ಹಾಗೆ.

ಚಾಂದ್ ಪಾಷಾ ಅವರ ಮುಖವನ್ನೇ ನೋಡಿದ. ಮೂವತ್ತು ವರ್ಷ ಅಣ್ಣನಂತೆ ಕಂಡಿದ್ದ ಮುಖ. ಒಗೆದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಸೋಪಿನ ಪರಿಮಳ. ಇಷ್ಟು ಚೊಕ್ಕಟವಾಗಿ ಕೂತ ಮನುಷ್ಯನ ಹತ್ತಿರ ಉಸಿರಾಡಲು ಅವನಿಗೆ ಅಸಹ್ಯವಾಯಿತು. ಮೈಯೆಲ್ಲ ಗ್ರೀಸು ಮೆತ್ತಿಕೊಂಡ ತಾನು ಅವರಿಂದ ಒಂದು ಹೆಜ್ಜೆ ಹಿಂದೆ ಸರಿದ.

ಪೆನ್ನು ತೆಗೆದುಕೊಂಡ. ಟೈಪ್ ಮಾಡಿದ ಸಾಲುಗಳ ಮೇಲೆ ಅಡ್ಡಗೆರೆ ಎಳೆದು, ಕೆಳಗಿದ್ದ ಖಾಲಿ ಜಾಗದಲ್ಲಿ ತನ್ನ ದಪ್ಪಕ್ಷರದಲ್ಲಿ ಬರೆದ. ಮೊದಲ ಸಾವಿರದೈನೂರು ಕಿಲೋಮೀಟರ್ ನಾನು ಓಡಿಸಿದೆ, ಎಂಜಿನ್ ಸರಿಯಾಗಿತ್ತು. ಆಮೇಲೆ ಭಾನುವಾರ ಬೆಳಿಗ್ಗೆ ಏಳಕ್ಕೆ ನನ್ನ ಕಣ್ಣೆದುರಿಗೆ ತಣ್ಣಗಿನ ಎಂಜಿನ್ನನ್ನು ನಾಲ್ಕು ನಿಮಿಷ ರೇಸ್ ಮಾಡಿದರು. ಬೇಡ ಎಂದೆ. ಕೇಳಲಿಲ್ಲ. ಸಹಿ ಹಾಕಿ, ತಾರೀಕು ಬರೆದು, ಕಾಗದವನ್ನು ಅವರ ಮೊಣಕಾಲಿನ ಮೇಲೆ ಇಟ್ಟ.

ಜಯದೇವಪ್ಪನವರು ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಚಾಂದ್," ಎಂದರು. ಆ ದನಿಯಲ್ಲಿ ನಿಜವಾಗಿಯೂ ನೋವಿತ್ತು. ಚಾಂದ್ ಪಾಷಾನಿಗೆ ಎಲ್ಲಕ್ಕಿಂತ ಹೇಸಿಗೆ ಅನಿಸಿದ್ದು ಅದೇ.

ಅವತ್ತಿನಿಂದ ಆ ಜೀಪು ಬೇರೆ ಗ್ಯಾರೇಜಿಗೆ ಹೋಗತೊಡಗಿತು. ಕಪ್ಪು ಹೊಗೆ ಬಿಡುತ್ತ ಇವನ ಮುಂದೆಯೇ ಹಾದುಹೋಗುವುದು. ಇಂಜೆಕ್ಟರ್ ತೊಳೆಯಬೇಕು ಎಂದು ಚಾಂದ್ ಪಾಷಾನಿಗೆ ಗೊತ್ತಿತ್ತು. ಮುಖ ತಿರುಗಿಸಿಕೊಳ್ಳುತ್ತಿದ್ದ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಹಳದಿ ಕಾರು ಮತ್ತೆ ಬಂದು ಗ್ಯಾರೇಜಿನ ಮುಂದೆ ನಿಂತಿತು. ರಾಜಶೇಖರ ಎಂಜಿನ್ ಬಂದ್ ಮಾಡದೆಯೇ ಇಳಿದ, ನಿನ್ನೆಯಷ್ಟೇ ಜೊತೆಗೆ ಕೂತು ಊಟ ಮಾಡಿದವನ ಹಾಗೆ ನಕ್ಕ.

"ಚಾಂದಣ್ಣ, ಹೊಸ ಎಂಜಿನ್ನು! ಕೊಟ್ಟೇಬಿಟ್ರು ಕಂಪನಿಯೋರು. ಶಿವಮೊಗ್ಗದಲ್ಲಿ ಒಬ್ಬ ಮೆಕ್ಯಾನಿಕ್ ಕೈಲಿ ಲೆಟರ್ ಬರೆಸಿದ್ವಿ. ಈಗ ಮತ್ತೆ ಸಾವಿರದೈನೂರು. ನಿಮ್ಮಷ್ಟು ಚೆನ್ನಾಗಿ ಯಾರು ಮಾಡ್ತಾರೆ ಹೇಳಿ?"

ಚಾಂದ್ ಪಾಷಾ ಏನೂ ಹೇಳುವ ಮೊದಲೇ ಅವನ ಕಿವಿ ಎಂಜಿನ್ನಿನ ಕಡೆ ಹೋಗಿತ್ತು. ಬಿಗಿಯಾದ, ಹೊಸ, ಇನ್ನೂ ಏನನ್ನೂ ಕಲಿಯದ ಸದ್ದು. ಕಾಲು ಎರಡು ಹೆಜ್ಜೆ ಮುಂದೆ ಬಂದಿತ್ತು, ಕೈ ಬಾನೆಟ್ಟಿನ ಮೇಲೆ ಇತ್ತು. ತಗಡಿನ ಬಿಸಿ ಅಂಗೈಗೆ ತಾಗಿದಾಗ ಅವನಿಗೆ ಎಚ್ಚರವಾಯಿತು. ತಟ್ಟನೆ ಕೈ ಎಳೆದುಕೊಂಡ. ಎದುರಿಗೆ ನಿಂತವನ ಮೇಲಿದ್ದ ಹೇಸಿಗೆ ಒಂದು ಕ್ಷಣ ತನ್ನ ಮೇಲೆಯೇ ತಿರುಗಿತು.

"ಆಗಲ್ಲ ರಾಜಣ್ಣ."

"ಏನ್ ಮಾರಾಯ್ರೇ, ಇನ್ನೂ ಅದನ್ನೇ ಮನಸ್ಸಲ್ಲಿ ಇಟ್ಕೊಂಡಿದ್ದೀರಾ? ನಾನು ಯಾವತ್ತೋ ಮರ್ತೆ."

"ನೀವು ಮರೀತೀರಿ. ನನಗೆ ಹೊಟ್ಟೇಲಿ ನಿಲ್ತಿಲ್ಲ ಅದು. ಕಾರು ತಗೊಂಡು ಹೋಗಿ."

ರಾಜಶೇಖರ ಅರ್ಥವಾಗದೆ ಅವನನ್ನು ನೋಡಿದ. ಸಿಟ್ಟೂ ಬರಲಿಲ್ಲ ಅವನಿಗೆ. ಭುಜ ಹಾರಿಸಿ, ಫೋನಿನಲ್ಲಿ ಇನ್ಯಾರದೋ ನಂಬರ್ ಹುಡುಕುತ್ತ ಕಾರು ಹತ್ತಿದ. ಬಾಗಿಲು ಹಾಕಿಕೊಂಡವನೇ ನಿಂತಲ್ಲೇ ಎರಡು ಸಲ ಜೋರಾಗಿ ತುಳಿದ. ಪಟಪಟ ಸದ್ದಿನ ಜೊತೆ ಹೊಗೆ ಗ್ಯಾರೇಜಿನ ಒಳಗೆ ತುಂಬಿತು. ಆಮೇಲೆ ರಸ್ತೆಯ ಮೊದಲನೆಯ ಉಬ್ಬಿನಲ್ಲಿ ಕಾರಿನ ಹೊಟ್ಟೆ ರಸ್ತೆಗೆ ಕರಕ್ಕೆಂದು ಉಜ್ಜಿದ್ದು ಕೇಳಿಸಿತು. ಅವನು ನಿಲ್ಲಿಸಲೂ ಇಲ್ಲ.

ಶಾಕಿರಾ ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಊಟ ಮಾಡಿ," ಎಂದಳು.

ಚಾಂದ್ ಪಾಷಾ ಡಬ್ಬಿ ತೆರೆದು, ಅನ್ನದ ಮೇಲೂ ಆ ಹೊಗೆಯ ವಾಸನೆ ಕೂತಿದೆ ಅನಿಸಿ, ಮುಚ್ಚಿದ. ನಲ್ಲಿಯ ಹತ್ತಿರ ಹೋಗಿ ಬಾನೆಟ್ಟು ಮುಟ್ಟಿದ ಕೈಯನ್ನು ಸೋಪಿನ ಪುಡಿ ಹಾಕಿ ತಿಕ್ಕಿದ. ಉಗುರಿನ ಸಂದಿಯ ಗ್ರೀಸು ಎಂದಿನಂತೆ ಹೋಗಲಿಲ್ಲ. ಅದರ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ.

"ಮನೆಗೆ ಹೋಗಾಣ ನಡಿ," ಎಂದ. "ಈ ವಾಸನೆಯಲ್ಲಿ ಕೂರಕ್ಕಾಗಲ್ಲ."

ಅವನು ಶಟರ್ ಎಳೆದ. ಜುಮ್ಮಾ ನಮಾಜಿಗೆ ಮುಚ್ಚುವ ಶುಕ್ರವಾರವಲ್ಲದ ದಿನ, ಒಂದೂವರೆ ಗಂಟೆಗೆ ಆ ಶಟರ್ ಇಳಿದದ್ದನ್ನು ಎದುರಿನ ಅಂಗಡಿಯವರು ಎದ್ದು ಬಂದು ನೋಡಿದರು. ಏನಾಯ್ತು ಎಂದು ಕೇಳಿದವರಿಗೆ ಶಾಕಿರಾ, "ಹೊಟ್ಟೆ ಸರಿ ಇಲ್ಲ ಅವ್ರಿಗೆ," ಎಂದು ಹೇಳಿ, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗಂಡನ ಹಿಂದೆ ನಡೆದಳು.